ದೂರವಾಣಿ ತಂತಿಯ ದೋಷವೂ ಕನ್ನಡ ಲೇಖದ ಪಾಠವೂ

ಹಸ್ತಪ್ರತಿಯಲ್ಲಿ ಅಪಪಾಠವೊಂದು ಕಂಡುಬಂದರೆ, ಅದು ಮೂಲಕರ್ತನದೋ ಪ್ರತಿಕಾರನದೋ ಓದುವವನದೋ ಎಂಬುದನ್ನು ವಿವೇಚಿಸಿದ ಹೊರತು ವಿದ್ವಾಂಸರು ಅದನ್ನು ತಿದ್ದಲೊಪ್ಪರು. ಗಣಕಯಂತ್ರಗಳು ದೂರವಾಣಿಯ ತಂತಿಯಿಂದ ಅಂತರ್ಜಾಲವನ್ನು ಸೇರುತ್ತಿದ್ದ ಕಾಲದ ಕನ್ನಡ ಲೇಖಗಳಿಗೂ ಈ ವಿವೇಚನೆ ಅವಶ್ಯಕವಾದುದು. ಅಂತಹ ಕಡತವನ್ನು ಇಂದು ತೆರೆದಾಗ ಕನ್ನಡಕ್ಕೆ ಬದಲಾಗಿ ಅರ್ಥರಹಿತವಾದ ರೋಮನ್ ಚಿಹ್ನೆಗಳು ತೋರುವುದುಂಟು. ತಂತಿ ಕೆಟ್ಟಿದ್ದುದರಿಂದ ಅಕ್ಷರವೂ ಕೆಟ್ಟಿತೆಂದು ಭಾವಿಸಿ ಅದನ್ನು ಬಿಸುಡುವುದೂ ಉಂಟು. ಈ ನಿರ್ಣಯವು ಸಾಧುವಲ್ಲವೆಂಬುದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಪ್ರದೇಶವನ್ನು ಮುಂದಿಟ್ಟುಕೊಂಡು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದುದು 1995ನೆಯ ಆಗಸ್ಟ್ 15ರಂದು. 2005ರಲ್ಲಿ ಭಾರತ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಆರಂಭವಾಗಿ ಕ್ರಮೇಣ ಹರಡುವವರೆಗೂ, ಮನೆಯ ದೂರವಾಣಿಗೆ ಮೋಡೆಮನ್ನು ಜೋಡಿಸಿ ಕರೆಮಾಡುವುದೇ ಗೃಹಸ್ಥರಿಗೆ ಸಾಮಾನ್ಯವಾದ ಮಾರ್ಗವಾಗಿದ್ದಿತು. ಗಣಕದ ಅಂಕಿಗಳನ್ನು ನಾದವನ್ನಾಗಿಯೂ, ಬಂದ ನಾದವನ್ನು ಮರಳಿ ಅಂಕಿಗಳನ್ನಾಗಿಯೂ ಮಾರ್ಪಡಿಸುವುದೇ ಮೋಡೆಮಿನ ಕಾರ್ಯ. ದೂರವಾಣಿಯು ಮನುಷ್ಯರ ಮಾತಿಗಾಗಿ ಏರ್ಪಟ್ಟುದರಿಂದ, ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ನಾದ ಮಾತ್ರವೇ ಅದರಲ್ಲಿ ಸಾಗುವುದು. ಈ ಇಕ್ಕಟ್ಟಾದ ದಾರಿಯಲ್ಲಿ 1998ರ ವಿ.90 ಎಂಬ ನಿಯಮವು ಸೆಕೆಂಡಿಗೆ 56,000 ಬಿಟ್ಟುಗಳವರೆಗೆ ಬರಮಾಡಿಕೊಳ್ಳಲು ಎಡೆಗೊಟ್ಟಿತು. ಆದರೆ ತಂತಿಯ ಉದ್ದವೂ ಅದರೊಳಗಣ ಸದ್ದೂ ಹೆಚ್ಚಿದಂತೆಲ್ಲ ವೇಗವು ಕುಗ್ಗುತ್ತಿದ್ದಿತು.

ಈ ನಾಡಿನಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ, ಗುಡ್ಡ ಬೈಲುಗಳ ನಡುವೆ ಅಡಕೆ ತೆಂಗುಗಳ ತೋಟಗಳಲ್ಲಿ ಚದರಿರುವುವು. ಆದುದರಿಂದ ತಂತಿಯು ನೀಳವಾಗುವುದು ಅನಿವಾರ್ಯ. ಮಳೆಗಾಲದಲ್ಲಿ ಅದರ ಸಂದುಗಳಿಗೆ ನೀರಿಳಿದು ಕಿಲುಬು ಹಿಡಿಯುವುದು. ಮಳೆಗಾಲದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಸಿಡಿಲಿನ ಬಾಧೆ ಬೇರೆ. ಮೋಡೆಮು ದೂರವಾಣಿಯ ತಂತಿಗೆ ನೇರವಾಗಿ ತಗುಲಿಕೊಂಡಿರುವುದರಿಂದ, ತಂತಿಯಲ್ಲಿ ಬಂದ ಸಿಡಿಲಿನ ಆಘಾತಕ್ಕೆ ಮೊದಲು ಗುರಿಯಾಗುವುದು ಅದೇ. ಗುಡುಗು ಕೇಳಿಸುವುದಕ್ಕೆ ಮುನ್ನವೇ ತಂತಿಯನ್ನು ಕಳಚಿಡುವುದೇ ಇದಕ್ಕೆ ನಂಬಲರ್ಹವಾದ ಪರಿಹಾರ; ಗುಡುಗುತ್ತಿರುವಾಗ ತಂತಿಯನ್ನು ಮುಟ್ಟಬಾರದು.

ಸಂಪರ್ಕವು ದೊರೆಯದಿದ್ದಾಗ ದೋಷವನ್ನು ಹುಡುಕುವ ಕ್ರಮವು ಪಾಠಪರಿಷ್ಕರಣದ ಕ್ರಮವನ್ನೇ ಹೋಲುವುದು. ಮೊದಲು ದೂರವಾಣಿಯನ್ನೆತ್ತಿ ಕೇಳಬೇಕು: ನಾದವಿಲ್ಲದಿದ್ದರೆ ಅಥವಾ ಕರಕರ ಸದ್ದಿದ್ದರೆ ದೋಷವು ತಂತಿಯದು. ಕಿವಿಗೆ ನಾದವು ಕೇಳಿಸಿದರೂ ಗಣಕವು 'ನೋ ಡಯಲ್ ಟೋನ್' ಎಂದರೆ, ಮೋಡೆಮು ಆ ನಾದವನ್ನು ಗುರುತಿಸಿಲ್ಲವೆಂದೂ ಊಹಿಸಬಹುದು. ಆಗ 'ಎಟಿಎಕ್ಸ್3' ಎಂಬ ಆಜ್ಞೆಯಿತ್ತರೆ ಅದು ನಾದಕ್ಕೆ ಕಾಯದೆ ಕರೆಮಾಡುವುದು. 'ಎಟಿ' ಎಂದು ಕೇಳಿದಾಗ 'ಓಕೆ' ಎಂಬ ಉತ್ತರವೇ ಬಾರದಿದ್ದರೆ ಗಣಕದ ಒಳಗನ್ನು ನೋಡಬೇಕು. ಕಾಮ್ 1, ಕಾಮ್ 3 ಎಂಬೆರಡು ಪೋರ್ಟುಗಳಿಗೆ ಸಾಮಾನ್ಯವಾಗಿ ಒಂದೇ ಐ.ಆರ್.ಕ್ಯೂ. 4 ಇದ್ದುದರಿಂದ, ಒಂದರಲ್ಲಿ ಮೌಸೂ ಇನ್ನೊಂದರಲ್ಲಿ ಮೋಡೆಮೂ ಇದ್ದರೆ ಘರ್ಷಣೆಯುಂಟಾಗುತ್ತಿದ್ದಿತು. ವಿಂಡೋಸ್ 691 ಎಂಬ ಸಂಖ್ಯೆಯನ್ನು ತೋರಿದರೆ ತಂತಿಯೂ ಮೋಡೆಮೂ ತಮ್ಮ ಕೆಲಸವನ್ನು ಮಾಡಿವೆ. ಬಳಕೆದಾರನ ಹೆಸರನ್ನೂ ಗುಪ್ತಪದವನ್ನೂ ಪರಿಶೀಲಿಸಬೇಕು.

ಇನ್ನು ಮುಖ್ಯ ಪ್ರಶ್ನೆ: ತಂತಿಯ ಸದ್ದು ಅಕ್ಷರವನ್ನು ಕೆಡಿಸಿತೇ? 1988ರ ವಿ.42 ನಿಯಮದಂತೆ, ಮೋಡೆಮುಗಳು ಕಳುಹಿದ ಪ್ರತಿಯೊಂದು ಕಟ್ಟನ್ನೂ ಪರೀಕ್ಷಿಸಿ, ತಪ್ಪಿದ್ದರೆ ಮತ್ತೆ ತರಿಸಿಕೊಳ್ಳುತ್ತಿದ್ದುವು. ಅಂತರ್ಜಾಲದ ನಿಯಮಗಳಲ್ಲಿಯೂ ಇಂತಹದೇ ಪರೀಕ್ಷೆಯುಂಟು. ಆದುದರಿಂದ ಕೆಟ್ಟ ತಂತಿಯು ಲೇಖವನ್ನು ತಡೆಯಬಹುದು, ತುಂಡರಿಸಬಹುದು; ಆದ್ಯಂತವಾಗಿ ಬೇರೆ ಅಕ್ಷರಗಳನ್ನಾಗಿ ಮಾಡುವುದು ಅದರ ಲಕ್ಷಣವಲ್ಲ. ಅಂತಹ ವಿಕಾರಕ್ಕೆ ಎರಡು ಕಾರಣಗಳನ್ನು ಹುಡುಕಬೇಕು. 1982ರ ಅಂಚೆಯ ನಿಯಮವು ಏಳು ಬಿಟ್ಟುಗಳ ಅಕ್ಷರಗಳಿಗೆ ಮಾತ್ರ ಏರ್ಪಟ್ಟುದು. ಕನ್ನಡದ ಫಾಂಟುಗಳಿಗಾದರೋ ಎಂಟನೆಯ ಬಿಟ್ಟೂ ಬೇಕಾಗಿದ್ದಿತು. ಎರಡನೆಯದಾಗಿ, 1991ರಲ್ಲಿ ಯೂನಿಕೋಡು ಕನ್ನಡಕ್ಕೆ ಸ್ಥಾನವನ್ನಿತ್ತರೂ, ಅದು ಬಳಕೆಗೆ ಬರುವವರೆಗೆ ಬೇರೆ ಬೇರೆ ಫಾಂಟುಗಳಿಗೆ ಬೇರೆ ಬೇರೆ ಸಂಕೇತಗಳಿದ್ದುವು.

ಇವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ. 'ನುಡಿ'ಯ ಹಳೆಯ ಸಂಕೇತದಲ್ಲಿ ತಲೆಕಟ್ಟು, ಮೇಲೆ ಗೀಟುಳ್ಳ ರೋಮನ್ 'ಎ' ಆಗಿ ತೋರುವುದು. ಕಡತದಲ್ಲಿ ಅಂತಹ ಗೀಟುಳ್ಳ ಅಕ್ಷರಗಳು ಹೇರಳವಾಗಿದ್ದರೆ ಎಂಟನೆಯ ಬಿಟ್ಟು ಉಳಿದಿದೆ, ಪಾಠವೂ ಉಳಿದಿದೆ. ಕಾಣೆಯಾದುದು ಫಾಂಟು ಮಾತ್ರ. ಅವುಗಳ ಸ್ಥಾನದಲ್ಲೆಲ್ಲ ಮಿಂಚಂಚೆಯ ವಿಳಾಸದಲ್ಲಿ ಬರುವ 'ಅಟ್' ಚಿಹ್ನೆಯಿದ್ದರೆ ಎಂಟನೆಯ ಬಿಟ್ಟು ಅಳಿದುಹೋಗಿದೆ. ಅಲ್ಲಿ ಪಂಡಿತರ ಊಹೆಗೇ ಕೆಲಸ.

ಮೂಡಬಿದಿರೆಯಲ್ಲಿ ಕಾಪಾಡಲ್ಪಟ್ಟ ಧವಲಾ ತಾಡವೋಲೆಗಳ ಭಾಷೆ ಪ್ರಾಕೃತ ಸಂಸ್ಕೃತಗಳು, ಲಿಪಿ ಹಳಗನ್ನಡ. ಲಿಪಿಯನ್ನು ಬಲ್ಲವರು ವಿರಳರಾದರೆಂದು ಓಲೆಗಳನ್ನು ಯಾರೂ ಅಶುದ್ಧವೆನ್ನಲಿಲ್ಲ. 1939ರಿಂದ ಆ ಗ್ರಂಥವು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಕಪಾಟುಗಳಲ್ಲಿರುವ ಫ್ಲಾಪಿಗಳಿಗೆ ಓಲೆಯಷ್ಟು ಆಯುಸ್ಸಿಲ್ಲ. ಕರಾವಳಿಯ ತೇವವೂ ಬೂಷ್ಟೂ ಅವುಗಳನ್ನು ಬೇಗನೆ ಕೆಡಿಸುವುವು. ಆದುದರಿಂದ ಓದಲಾಗದೆಂದು ಬಿಸುಡುವುದಕ್ಕೆ ಮುನ್ನ ಅವುಗಳ ಪ್ರತಿಯನ್ನಿಳಿಸಿ, ಬರೆದ ತಂತ್ರಾಂಶದ ಹೆಸರನ್ನೂ ಫಾಂಟಿನ ಹೆಸರನ್ನೂ ಗುರುತುಮಾಡಿಡುವುದು ವಿದ್ವಾಂಸರ, ಅಧ್ಯಾಪಕರ ಕರ್ತವ್ಯ. ತಂತಿಯ ಮೇಲಣ ಅಪವಾದವು ಪಾಠದ ಮೇಲೆ ಬೀಳಬಾರದು.