ಹಿತ್ತಲಿನ ಫಿಯಾಟಿಗೆ ಬೆಲೆ ಎಷ್ಟು?

ಗದಗ ಸೀಮೆಯ ಹಳೆಯ ಮನೆಗಳ ಹಿತ್ತಲಲ್ಲಿ, ಮುಚ್ಚಿದ ಹತ್ತಿ ಜಿನ್ನಿನ ಕಂಪೌಂಡಿನಲ್ಲಿ, ಅಡತಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಇನ್ನೂ ಒಂದೊಂದು ಕಾರು ನಿಂತಿರುತ್ತದೆ. ಟೈರು ನೆಲಕ್ಕೆ ಕೂತಿರುತ್ತವೆ, ಗಾಜಿನ ಮೇಲೆ ವರ್ಷಗಟ್ಟಲೆಯ ಧೂಳು. ಓಡಿಸುತ್ತಿದ್ದ ಹಿರಿಯರು ತೀರಿಕೊಂಡಿರುತ್ತಾರೆ. ಉಳಿದವರಿಗೆ ಓಡಿಸಲು ಬಾರದು, ಮಾರಲು ಮನಸ್ಸು ಬಾರದು. ಕಡೆಗೆ ಆಸ್ತಿ ಪಾಲಾಗುವ ಹೊತ್ತಿಗೆ ಗುಜರಿಯವರು ಬಂದು ಕಿಲೋ ಲೆಕ್ಕದಲ್ಲಿ ರೇಟು ಹೇಳುತ್ತಾರೆ. ಒಂದು ಫಿಯಾಟ್ ಸುಮಾರು 900 ಕಿಲೋ ತೂಗುತ್ತದೆ, ಅಂಬಾಸಿಡರ್ 1,100 ಕಿಲೋದ ಆಸುಪಾಸು. ತೂಕಕ್ಕೆ ಹಾಕಿದರೆ ಅಷ್ಟೇ ಲೆಕ್ಕ.

ಆದರೆ ಆ ಕಾರನ್ನು ಮತ್ತೆ ರಿಪೇರಿ ಮಾಡಿಸಿ ಓಡಿಸುವುದು ಲಾಭವೋ ನಷ್ಟವೋ ಎಂದು ತೀರ್ಮಾನಿಸುವುದಕ್ಕೆ ಅದರ ತೂಕವಾಗಲೀ ಹೊಳಪಾಗಲೀ ಸಾಲುವುದಿಲ್ಲ. ಈ ಭಾಗದಲ್ಲಂತೂ ಮೊದಲು ತೆರೆಯಬೇಕಾದ್ದು ಬಾನೆಟ್ಟನ್ನಲ್ಲ, ಮನೆಯ ಟ್ರಂಕನ್ನು. ಆರ್‌ಸಿ ಬುಕ್ಕು ಅಲ್ಲಿರುತ್ತದೆ.

ಅದಕ್ಕೆ ಕಾರಣ ಈ ನೆಲದ ಇತಿಹಾಸ. ಇಂದು ಒಂದೇ ಜಿಲ್ಲೆಯಲ್ಲಿರುವ ನಾಲ್ಕು ಊರುಗಳು ಮೋಟಾರು ಕಾಲಿಟ್ಟ ಕಾಲದಲ್ಲಿ ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಎರಡೂ ಪಟವರ್ಧನರ ಮನೆತನದ ಆಳ್ವಿಕೆ. ಮುಂಡರಗಿಯಿಂದ ತುಂಗಭದ್ರೆ ದಾಟಿದರೆ ಹಡಗಲಿ, ಅದು ಮದ್ರಾಸ್ ಪ್ರಾಂತ. ಪೂರ್ವಕ್ಕೆ ಹೊರಳಿದರೆ ಕೊಪ್ಪಳ, ಅದು ನಿಜಾಮರದು. 1948ರ ಮಾರ್ಚಿನಲ್ಲಿ ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಗದಗ ಸೀಮೆ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು, 1997ರಲ್ಲಿ ಗದಗ ಜಿಲ್ಲೆ ಬೇರೆಯಾಯಿತು. ಬಿ ಅಕ್ಷರದಿಂದ ಶುರುವಾಗುವ ಮುಂಬಯಿಯ ನಂಬರು, ಎಂವೈ ಎಂದು ಶುರುವಾಗುವ ಮೈಸೂರಿನ ನಂಬರು, 1989ರ ನಂತರದ ಕೆಎ ನಂಬರು: ಕಾರಿನ ಪ್ಲೇಟು ನೋಡಿದರೆ ಅದು ಯಾವ ಕಾಲದಲ್ಲಿ ಯಾವ ಸರಕಾರದ ಪುಸ್ತಕಕ್ಕೆ ಹತ್ತಿತು ಎಂಬುದು ತಿಳಿಯುತ್ತದೆ. ಬಿ ನಂಬರಿನ ಪ್ಲೇಟು ಹಾಗೇ ಉಳಿಸಿಕೊಂಡ ಕಾರು ಗದಗ ಸೀಮೆಯಲ್ಲಿ ಸಿಕ್ಕರೆ ಅದು ಏಕೀಕರಣಕ್ಕೂ ಮುಂಚಿನ ದಾಖಲೆ ಇರಬಹುದು.

ಕಾರು ಮುಂಬಯಿ ಕಡೆಯಿಂದಲೇ ಬರುವುದು ಇಲ್ಲಿ ಸಹಜವಾಗಿತ್ತು. 1840ರ ದಶಕದಲ್ಲಿ ಅಮೆರಿಕದ ತಳಿ ತಂದು ಬೆಳೆಸಿದ ‘ಧಾರವಾಡ-ಅಮೆರಿಕನ್’ ಹತ್ತಿ ಗದಗನ್ನು ಪೇಟೆಯಾಗಿಸಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗನ್ನು ಜಂಕ್ಷನ್ ಮಾಡಿತು: ಒಂದು ಹಳಿ ಹುಬ್ಬಳ್ಳಿಗೆ, ಒಂದು ಬಳ್ಳಾರಿಗೆ, ಇನ್ನೊಂದು ವಿಜಯಪುರದ ಮೇಲೆ ಸೊಲ್ಲಾಪುರದ ಹತ್ತಿರದ ಹೊಟಗಿಗೆ. ಮುಂಬಯಿಯಲ್ಲಿ ಫೋರ್ಡ್ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಕಾರು ಜೋಡಿಸಲು ಶುರುಮಾಡಿದಾಗ ಹತ್ತಿಯ ದುಡ್ಡಿದ್ದ ಪೇಟೆಗಳಿಗೆ ಆ ಊರು ದೂರವೇನಲ್ಲ.

ನಮ್ಮದೇ ಕಾರು ಕಟ್ಟಬೇಕೆಂಬ ಹಟಕ್ಕೂ ಈ ಹಳಿಯ ನೆಂಟಸ್ತನವುಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಅವರೊಡನೆ ಕೈಜೋಡಿಸಿದವರು ವಾಲಚಂದ ಹೀರಾಚಂದ, 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಬ್ರಿಟಿಷ್ ಸರಕಾರ ಬೆಂಬಲಕ್ಕೆ ನಿಲ್ಲಲಿಲ್ಲ. ವಾಲಚಂದರು 1940ರಲ್ಲಿ ಮೈಸೂರು ಸರಕಾರದ ಜೊತೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಎಬ್ಬಿಸಿದರು, ಅದೇ ಇಂದಿನ ಎಚ್‌ಎಎಲ್. ಕಾರಿನ ಆಸೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆಗಿ ಮುಂಬಯಿಯಲ್ಲಿ ಕೈಗೂಡಿತು. ಮುಂದೆ ಗದಗಿನ ಹಿತ್ತಲುಗಳಲ್ಲಿ ಬಂದು ನಿಂತ ಫಿಯಾಟುಗಳು ಕುರ್ಲಾದ ಆ ಕಾರ್ಖಾನೆಯವು.

1953ರಲ್ಲಿ ಟ್ಯಾರಿಫ್ ಕಮಿಷನ್, ಭಾಗಗಳನ್ನು ಇಲ್ಲೇ ತಯಾರಿಸುವವರಿಗಷ್ಟೇ ಅವಕಾಶ ಎಂಬ ಧೋರಣೆ ತಳೆಯಿತು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಗಂಟು ಕಟ್ಟಿದವು. ಆಮೇಲಿನ ಮೂರು ದಶಕ ಜನರಿಗೆ ಆಯ್ಕೆ ಎಂದರೆ ಉತ್ತರಪಾರಾದ ಅಂಬಾಸಿಡರ್, ಕುರ್ಲಾದ ಫಿಯಾಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಲ-ತೋಟಕ್ಕೆ ಮಹೀಂದ್ರಾ ಜೀಪು. ಇಷ್ಟೇ ಮಾದರಿಗಳಾದ್ದರಿಂದ ಎಲ್ಲ ಹಳೆಯ ಕಾರೂ ಒಂದೇ ಎಂದುಕೊಳ್ಳುವುದು ಸುಲಭ. ಹಾಗಲ್ಲ. 1954ರ ಫಿಯಾಟ್ 1100, ಮುಂಬಯಿಯವರು ‘ಡುಕ್ಕರ್ ಫಿಯಾಟ್’ ಎಂದು ಕರೆದದ್ದು, ಅದರ ಮುಂದಿನ ಬಾಗಿಲು ಉಲ್ಟಾ ತೆರೆಯುತ್ತದೆ: ಕೀಲು ಹಿಂದೆ, ಹಿಡಿಕೆ ಮುಂದೆ. 1964ರ 1100ಡಿ ಬೇರೆಯೇ ಮೈಕಟ್ಟಿನದು. ಆ ಕಾರೇ 1970ರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಎಂಬ ಹೆಸರು ಪಡೆದು 2000ದ ಹೊತ್ತಿನವರೆಗೆ ತಯಾರಾಯಿತು. ಅಂಬಾಸಿಡರ್ 1957-58ರಿಂದ 2014ರ ಮೇ ತನಕ ಬಂತು. ಅದರಲ್ಲಿ 1962ರೊಳಗಿನ ಮಾರ್ಕ್ 1 ಅಪರೂಪ, 1975ರ ತನಕದ ಮಾರ್ಕ್ 2 ಕೂಡ ಈಗ ಸುಲಭಕ್ಕೆ ಸಿಗದು, 1979ರ ನಂತರದ ಮಾರ್ಕ್ 4 ಬೇಕಾದಷ್ಟಿವೆ.

ಇನ್ನು ತಗಡಿಗೆ ಬರೋಣ.

ಅಂಬಾಸಿಡರಿಗೂ ಫಿಯಾಟಿಗೂ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಹೊಸ್ತಿಲಿನಂಥ ಪಟ್ಟಿ, ಕಾಲಿಡುವ ಫ್ಲೋರು, ಹಿಂದಿನ ಸ್ಪ್ರಿಂಗ್ ಪಟ್ಟಿ ಕೂರುವ ಜಾಗ, ಈ ಮೂರು ಕಡೆ ತುಕ್ಕು ತಿಂದಿದ್ದರೆ ಕಾರಿನ ಬೆನ್ನುಮೂಳೆಯೇ ಹೋದಂತೆ. ಅನುಭವಿ ಮಿಸ್ತ್ರಿ ಎಂಜಿನ್ ಮುಟ್ಟುವ ಮೊದಲು ಕಾರಿನ ಕೆಳಗೆ ಮಲಗುತ್ತಾನೆ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಆ ಪಟ್ಟಿಯುದ್ದಕ್ಕೂ ಬಡಿಯುತ್ತ ಹೋಗುತ್ತಾನೆ. ಟಣ್ ಎಂದರೆ ತಗಡು ಗಟ್ಟಿ, ಬದ್ ಎಂದರೆ ಒಳಗೆ ಪುಟ್ಟಿ. ಅನುಮಾನವಿದ್ದ ಕಡೆ ಒಂದು ಅಯಸ್ಕಾಂತದ ತುಂಡು ಇಟ್ಟು ನೋಡುತ್ತಾನೆ: ಕಬ್ಬಿಣಕ್ಕೆ ಅಂಟುತ್ತದೆ, ಪುಟ್ಟಿಯ ಮೇಲೆ ಜಾರಿ ಬೀಳುತ್ತದೆ. ಹೊಸ ಬಣ್ಣ ಹೊಡೆದು ಮಿರಿಮಿರಿ ಮಿಂಚುವ ಕಾರಿಗಿಂತ, ಬಣ್ಣ ಸುಲಿದು ಹೋದರೂ ಮೂಲ ತಗಡು ಉಳಿಸಿಕೊಂಡ ಕಾರು ಎಷ್ಟೋ ಮೇಲು. ಸುಲಿದ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ.

ಈ ವಿಷಯದಲ್ಲಿ ಗದಗ ಸೀಮೆಗೆ ಒಂದು ವರವಿದೆ, ಒಂದು ಶಾಪವಿದೆ. ಮಳೆ ಕಡಿಮೆ, ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಕರಾವಳಿಯ ಉಪ್ಪುಗಾಳಿ ಇಲ್ಲ, ಮಲೆನಾಡಿನ ತಿಂಗಳುಗಟ್ಟಲೆಯ ತೇವವಿಲ್ಲ. ಮಂಗಳೂರಿನಲ್ಲಿ ಜಾಲರಿಯಾಗಿ ಹೋಗುವ ತಗಡು ಇಲ್ಲಿ ದಶಕಗಟ್ಟಲೆ ತಡೆಯುತ್ತದೆ. ಶಾಪವೆಂದರೆ ಎರೆ ಮಣ್ಣು. ಎರೆ ನೀರು ಕುಡಿದರೆ ಬೇಗ ಬಿಡುವುದಿಲ್ಲ. ಫರಸಿ ಹಾಕದ ಹಿತ್ತಲಲ್ಲಿ ಟೈರು ಕೂತ ಕಾರು ಮೇಲಿನಿಂದ ಚೆನ್ನಾಗಿ ಕಂಡರೂ ಕೆಳಗಿನಿಂದ ಸವೆಯುತ್ತದೆ. ಜೊತೆಗೆ ಇಲಿಗಳು ವೈರು ಕಡಿಯುತ್ತವೆ, ಸೀಟಿನೊಳಗೆ ಗೂಡು ಮಾಡುತ್ತವೆ. ವೈರಿಂಗ್ ಹೊಸದು ಎಳೆಸಬಹುದು, ಸೀಟು ಹೊಲಿಸಬಹುದು. ಅದು ಹೆದರುವ ಮಾತಲ್ಲ. ಎಂಜಿನ್ ಬಿಗಿದಿದ್ದರೂ ಹೆದರಬೇಕಿಲ್ಲ, ಬೋರ್ ಮಾಡಿಸಿ ಪಿಸ್ಟನ್ ಹಾಕಿಸುವ ಕೆಲಸ ಗೊತ್ತಿರುವವರು ಹುಬ್ಬಳ್ಳಿ-ಗದಗಿನಲ್ಲಿ ಇದ್ದಾರೆ. ಅಂಬಾಸಿಡರ್, ಫಿಯಾಟಿನ ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಮುಂಬಯಿಯಲ್ಲಿ ಹುಡುಕಿದರೆ ಸಿಗುತ್ತವೆ. ಸಿಗದೇ ಇರುವುದು ಗ್ರಿಲ್ಲು, ಲಾಂಛನ, ಮೀಟರಿನ ಗಾಜು, ದೀಪದ ಸುತ್ತಲಿನ ಕ್ರೋಮ್ ಬಳೆ. ಇಂಥ ಸಣ್ಣ ಸಾಮಾನು ಕಾರಿನ ಮೇಲೆ ಇವೆಯೇ ಎಂದು ಒಂದೊಂದಾಗಿ ನೋಡಬೇಕು.

ಎಂಜಿನ್ ಬಿಗಿದಿರುವುದಕ್ಕಿಂತ ದೊಡ್ಡ ತೊಡಕು, ಅದು ಬೇರೆ ಕಾರಿನ ಎಂಜಿನ್ ಆಗಿರುವುದು. 1973ರ ನಂತರ ಪೆಟ್ರೋಲ್ ದರ ಏರಿದಂತೆ ಬಾಡಿಗೆ ಓಡಿಸುವವರು ಅಂಬಾಸಿಡರಿಗೆ, ಫಿಯಾಟಿಗೆ, ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಅದು ಹೊಟ್ಟೆಪಾಡಿನ ಜಾಣತನ. ಮದುವೆ ದಿಬ್ಬಣ, ಜಾತ್ರೆ, ಆಸ್ಪತ್ರೆ ಎಂದು ಹಳ್ಳಿಗಳಿಗೆ ಓಡಿದ್ದು ಆ ಕಾರುಗಳೇ. ಅವುಗಳನ್ನು ಕೀಳಾಗಿ ನೋಡುವುದು ತಪ್ಪು. ಆದರೆ ಬೆಲೆ ಕಟ್ಟುವಾಗ ಬಾನೆಟ್ಟಿನಡಿಯ ನಂಬರಿನ ಪಟ್ಟಿ, ಎಂಜಿನ್ ಮೇಲೆ ಕುಟ್ಟಿದ ನಂಬರು, ಆರ್‌ಸಿ ಬುಕ್ಕಿನ ನಂಬರು ಮೂರೂ ತಾಳೆಯಾಗಲೇಬೇಕು.

ಇದಕ್ಕೆ ಈಗ ಕಾನೂನಿನ ಬಲವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಮಾರ್ಪಾಡಾಗದೆ ಮೂಲ ಸ್ಥಿತಿಯಲ್ಲಿರಬೇಕು. ಅಂಥ ವಾಹನವನ್ನು ಹೊಸದಾಗಿ ನೋಂದಾಯಿಸಿದರೆ ‘ವಿಎ’ ಅಕ್ಷರಗಳ ವಿಶೇಷ ನಂಬರು, 20,000 ರೂಪಾಯಿ ಶುಲ್ಕ, 10 ವರ್ಷದ ಮಾನ್ಯತೆ. ಪ್ರದರ್ಶನ, ಸಂಶೋಧನೆ, ರ‍್ಯಾಲಿಗಳಿಗೆ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಇಲ್ಲ. ಮೊದಲ ನೋಂದಣಿಯ ದಿನಾಂಕ ಸಾಬೀತುಪಡಿಸುವ ಕಾಗದ ಇಲ್ಲದಿದ್ದರೆ 1955ರ ಫಿಯಾಟ್ ಕೂಡ ಬರೀ ಹಳೆಯ ತಗಡು. ಮುಂಬಯಿ, ಮೈಸೂರು, ಧಾರವಾಡ, ಗದಗ ಎಂದು ಹಲವು ಆಡಳಿತಗಳನ್ನು ದಾಟಿ ಬಂದ ಈ ಸೀಮೆಯ ಕಾರುಗಳಿಗೆ ಆ ಕಾಗದ ಉಳಿಯುವುದೇ ಕಷ್ಟ, ಉಳಿದರೆ ಅದೇ ದೊಡ್ಡ ಆಸ್ತಿ.

ಕಾರಿನ ಜೊತೆ ಬರುವ ಕಥೆಗಳಿಗೂ ಇದೇ ಮಾತು ಸಲ್ಲುತ್ತದೆ. ಗದಗಿನಲ್ಲಿ ಬೆಳೆದು 1933ರಲ್ಲಿ ಗುರುವನ್ನು ಹುಡುಕಿಕೊಂಡು ರೈಲು ಹತ್ತಿದ ಭೀಮಸೇನ ಜೋಶಿಯವರಿಗೆ ಕಾರು ಎಂದರೆ ಪ್ರಾಣ. ದೂರದೂರಿನ ಕಛೇರಿಗಳಿಗೂ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಇಂಥವರು ಕೂತು ಓಡಿಸಿದ ಕಾರು ಎಂದರೆ ಬೆಲೆ ನಿಜಕ್ಕೂ ಏರುತ್ತದೆ. ಆದರೆ ಬಾಯಿಮಾತು ಸಾಲದು. ಹಳೆಯ ಫೋಟೊ, ತೆರಿಗೆ ರಸೀದಿ, ಗ್ಯಾರೇಜಿನ ಬಿಲ್ಲು ಏನಾದರೂ ಬೇಕು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯದಲ್ಲಿ ನಿಂತ ಕಾರುಗಳ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುವುದೂ ಆ ಕಾರಿನ ಚರಿತ್ರೆ ತಿಳಿದಿದ್ದಾಗಲೇ.

ಹಾಗಾದರೆ ಈ ಸೀಮೆಯಲ್ಲಿ ದುಡ್ಡು ಹಾಕಲು ಯೋಗ್ಯವಾದದ್ದು ಯಾವುದು? ಮುಂಬಯಿ ಅಥವಾ ಹಳೆಯ ಮೈಸೂರು ನಂಬರು ಉಳಿಸಿಕೊಂಡ, 1964ಕ್ಕೆ ಮುಂಚಿನ ಫಿಯಾಟ್ ಸಿಕ್ಕರೆ ಫ್ಲೋರು ಅರ್ಧ ಹೋಗಿದ್ದರೂ ಬಿಡಬಾರದು. ಪೆಟ್ರೋಲ್ ಎಂಜಿನ್ನಿನ ಮಾರ್ಕ್ 1, ಮಾರ್ಕ್ 2 ಅಂಬಾಸಿಡರುಗಳದ್ದು ಎರಡನೆಯ ಸ್ಥಾನ. ಜೀಪಿಗೆ ಬೇರೆ ಚಾಸಿ ಇರುವುದರಿಂದ ಕೆಲಸ ಸುಲಭ. ಮೂಲ ಎಂಜಿನ್ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಬಹುದು. ಡೀಸೆಲ್ ಕೂರಿಸಿದ ಮಾರ್ಕ್ 4 ಇದ್ದರೆ ಮನೆಯ ನೆನಪಿಗಾಗಿ ಸರಿಮಾಡಿಸಿಕೊಳ್ಳಿ, ಮಾರುಕಟ್ಟೆಯ ಲಾಭಕ್ಕಾಗಿ ಬೇಡ.

ಲಕ್ಷ್ಮೇಶ್ವರದಲ್ಲಿರಲಿ, ಶಿರಹಟ್ಟಿ, ಮುಂಡರಗಿಯಲ್ಲಿರಲಿ, ಹಿತ್ತಲಲ್ಲಿ ಅಂಥದ್ದೊಂದು ಕಾರು ನಿಂತಿದ್ದರೆ ಗುಜರಿಯವರಿಗೆ ಫೋನು ಮಾಡುವ ಮುಂಚೆ ಆರ್‌ಸಿ ಬುಕ್ಕು ಹುಡುಕಿ. ಚಾಸಿ ನಂಬರು, ಎಂಜಿನ್ ನಂಬರು ಬರೆದಿಟ್ಟುಕೊಳ್ಳಿ, ಹಳೆಯ ಪ್ಲೇಟಿನ ಫೋಟೊ ತೆಗೆಯಿರಿ. ಟೈರಿನಡಿ ನಾಲ್ಕು ಕಲ್ಲು ಕೊಟ್ಟು ಕಾರನ್ನು ಎರೆ ಮಣ್ಣಿನಿಂದ ಮೇಲಕ್ಕೆತ್ತಿ. ಮಾರುವುದೋ ಇಟ್ಟುಕೊಳ್ಳುವುದೋ ಆಮೇಲೆ ನಿರ್ಧರಿಸಬಹುದು.