ಪುಷ್ಕಲಸಂವರ್ತಕ: ಒಂದು ಮೇಘನಾಮದ ಪಾಠವಿಚಾರ

ಮೇಘಗಳನ್ನು ವಿಂಗಡಿಸುವಲ್ಲಿ ನಮ್ಮ ಪ್ರಾಚೀನರ ಪದ್ಧತಿ ಒಂದೇ ಆಗಿರಲಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯು ಮೋಡದ ಬಣ್ಣ, ಆಕೃತಿ, ದಿಕ್ಕು, ಗಾಳಿ, ಮಿಂಚುಗಳನ್ನು ಕಣ್ಣಾರೆ ಕಂಡು ಮೇಘಗರ್ಭವನ್ನು ಗುರುತಿಸಬೇಕೆಂದೂ ಅದು 195 ದಿನಗಳ ತರುವಾಯ ಮಳೆಯಾಗಿ ಪ್ರಸವಿಸುವುದೆಂದೂ ಹೇಳುತ್ತದೆ. ಸು. 1300ರ ಜೈನಕವಿ ರಟ್ಟಕವಿಯ ರಟ್ಟಮತವು ಮಳೆ, ಮಿಂಚು, ಶಕುನಾದಿಗಳನ್ನು ಕುರಿತ ಕನ್ನಡ ಶಾಸ್ತ್ರಗ್ರಂಥವಾಗಿ ಪ್ರಸಿದ್ಧವಾಗಿದೆ.

ಕೃಷಿಪರಾಶರದ ದಾರಿ ಬೇರೆ. ಶಕವರ್ಷಕ್ಕೆ ಮೂರನ್ನು ಕೂಡಿಸಿ ನಾಲ್ಕರಿಂದ ಭಾಗಿಸಬೇಕು. ಶೇಷದಿಂದ ಆವರ್ತ, ಸಂವರ್ತ, ಪುಷ್ಕರ, ದ್ರೋಣವೆಂಬ ಮೇಘಗಳು ಅನುಕ್ರಮವಾಗಿ ದೊರೆಯುತ್ತವೆ. ಆವರ್ತವು ಅಲ್ಲಲ್ಲಿ ಸುರಿಯುವುದು, ಸಂವರ್ತವು ಎಲ್ಲೆಡೆ. ಪುಷ್ಕರದಲ್ಲಿ ನೀರು ದುರ್ಲಭ, ದ್ರೋಣದಲ್ಲಿ ಸಮೃದ್ಧ. ಇಲ್ಲಿ ಆಕಾಶದತ್ತ ನೋಡುವ ಅಗತ್ಯವೇ ಇಲ್ಲ! ಶಕ 1945ಕ್ಕೆ (ಕ್ರಿ.ಶ. 2023) ಈ ಲೆಕ್ಕದಿಂದ ದ್ರೋಣಮೇಘ ಬರುತ್ತದೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ವಿಜಯಪುರ ಜಿಲ್ಲೆಯೂ ಹೊರತಾಗಿರಲಿಲ್ಲ.

ಶ್ವೇತಾಂಬರ ಆಗಮವಾದ ಸ್ಥಾನಾಂಗಸೂತ್ರವು ಮೇಘವನ್ನು ಫಲದಿಂದ ಅಳೆಯುತ್ತದೆ. ಪುಷ್ಕಲಸಂವರ್ತಕವು ಒಂದೇ ಮಳೆಯಿಂದ ನೆಲವನ್ನು 10,000 ವರ್ಷ, ಪರ್ಜನ್ಯವು 1,000 ವರ್ಷ, ಜೀಮೂತವು 10 ವರ್ಷ ಸಾರವತ್ತಾಗಿಸುವುದು. ಜಿಹ್ಮವೆಂಬ ನಾಲ್ಕನೆಯದು ಹಲವು ಸಲ ಸುರಿದರೂ ಒಂದು ವರ್ಷಕ್ಕೆ ಸಾಲಬಹುದು, ಸಾಲದೆಯೂ ಇರಬಹುದು. ಸಂಖ್ಯೆಗಳು ಆಗಮದ ಮಾನದವು, ನಿಜ. ಆದರೆ ಜಿಹ್ಮವನ್ನು ಡೋಣಿ ನದಿಯ ಎರೆಭೂಮಿಯ ಒಕ್ಕಲಿಗನಿಗೆ ವಿವರಿಸಬೇಕಾಗಿಲ್ಲ. ವಿಜಯಪುರ, ಬಬಲೇಶ್ವರಗಳ ಕಡೆ ವರ್ಷದ ಮಳೆ ಸುಮಾರು 600 ಮಿ.ಮೀ. ಮಾತ್ರ. ನೆಲದಲ್ಲಿ ಉಳಿದ ತೇವದ ಮೇಲೆಯೇ ಹಿಂಗಾರಿ ಜೋಳ ನಿಲ್ಲಬೇಕು; ಸೆಪ್ಟೆಂಬರಿನ ಹದಮಳೆ ಮಾಡುವ ಉಪಕಾರವನ್ನು ಹತ್ತು ತುಂತುರುಗಳು ಮಾಡಲಾರವು. ಮಣೂಕ ಒಣಗಿಸುವ ತಿಕೋಟಾದಲ್ಲಿಯಾದರೋ ಮಾರ್ಚಿಯ ಮೋಡವು ಸುರಿಯದೆ ಹೋದರೇ ಲೇಸು.

ಈಗ ಪಾಠದ ಪ್ರಶ್ನೆ. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ. ಪ್ರಾಕೃತದ 'ಪುಕ್ಖಲಸಂವಟ್ಟಗ'ವನ್ನು ಪರಾಶರನ ಪಟ್ಟಿಯನ್ನು ನೆನೆದು 'ಪುಷ್ಕರ', 'ಸಂವರ್ತ' ಎಂದು ಒಡೆದರೆ ಅತ್ಯಂತ ಫಲಪ್ರದವಾದ ಮೇಘದ ಅರ್ಧಭಾಗವು ಜಲದುರ್ಲಭತೆಯ ಮೇಘವಾಗಿಬಿಡುತ್ತದೆ. ನಾಲ್ಕರ ಎಣಿಕೆ ಐದಾಗುತ್ತದೆ. ಕಾಳಿದಾಸನೂ ಮೇಘದೂತದಲ್ಲಿ ಪುಷ್ಕರಾವರ್ತಕರ ಕುಲವನ್ನು ಶ್ರೇಷ್ಠವೆಂದೇ ಗಣಿಸಿರುವುದರಿಂದ ಪುಷ್ಕರವು ಸರ್ವತ್ರ ಅನಾವೃಷ್ಟಿಸೂಚಕವೆನ್ನುವಂತಿಲ್ಲ. ಆದುದರಿಂದ ಪ್ರತಿಯಲ್ಲಿ ಮುಂದೆ ಪರ್ಜನ್ಯ, ಜೀಮೂತಗಳು ಬಂದಿದ್ದರೆ ಈ ಹೆಸರನ್ನು ಒಂದೇ ಪದವಾಗಿ ಓದತಕ್ಕದ್ದು. ದ್ರೋಣವು ಬಂದಿದ್ದರೆ ಮಾತ್ರ ಎರಡಾಗಿ ಬಿಡಿಸಬಹುದು.