ತೊಂಬತ್ತಾರು ಗಂಟೆಗಳ ಆಚೆ: ಥಾಣೆ ಖಾಡಿಯ ಕೆಸರು ಮತ್ತು ದೀರ್ಘಕಾಲೀನ ವಿಷತ್ವದ ಪರೀಕ್ಷೆ

ಥಾಣೆ ನಗರದ ಮಾಜಿವಾಡಾದಿಂದ ಉತ್ತರಕ್ಕೆ ಬಾಳಕುಮ್, ಕೋಲಶೇತ್ ದಾಟಿದರೆ ಉಲ್ಹಾಸ್ ನದಿಯ ಅಳಿವೆ. ಆಗ್ನೇಯಕ್ಕೆ ಹೊರಳಿದರೆ ಥಾಣೆ ಖಾಡಿ, ಅಂದರೆ ಒಳನಾಡಿಗೆ ಚಾಚಿದ ಕಡಲಿನ ಕವಲು. ಡೊಂಬಿವಲಿ, ಅಂಬರ್‌ನಾಥ್, ಉಲ್ಹಾಸನಗರಗಳ ಕಾರ್ಖಾನೆ ನೀರು ವಾಲಧುನಿ ಮತ್ತಿತರ ನಾಲೆಗಳ ಮೂಲಕ ಮೊದಲನೆಯದನ್ನು ಸೇರುತ್ತ ಬಂದಿದೆ. 1960ರ ದಶಕದಿಂದ ಬೆಳೆದ ಥಾಣೆ-ಬೇಲಾಪುರ ಪಟ್ಟಿಯ ಔಷಧ, ಬಣ್ಣ, ಕೀಟನಾಶಕ ಉದ್ಯಮಗಳ ನೀರು ಎರಡನೆಯದಕ್ಕೆ ಹರಿದಿದೆ. 2022ರಲ್ಲಿ ಥಾಣೆ ಖಾಡಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಗೆ ಬರುವ ದೊಡ್ಡ ಫ್ಲೆಮಿಂಗೊಗಳು ಕೆಸರು ಸೋಸಿ ತಿನ್ನುವುದು ಬೆನ್ನೆಲುಬಿಲ್ಲದ ಸಣ್ಣ ಜೀವಿಗಳನ್ನು. ಖಾಡಿಯ ಕೋಳಿ ಸಮುದಾಯದ ಮೀನುಗಾರರು ಹೆಕ್ಕುವ ಚಿಪ್ಪುಜೀವಿ, ಹಿಡಿಯುವ ಏಡಿ, ಸೀಗಡಿಗಳೂ ಇಂಥ ಬೆನ್ನೆಲುಬಿಲ್ಲದ ಜೀವಿಗಳೇ, ಅಂದರೆ ಅಕಶೇರುಕಗಳೇ. ಇವುಗಳಿಗೆ ಕಾರ್ಖಾನೆಯ ರಾಸಾಯನಿಕ ವರ್ಷಗಟ್ಟಲೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ವಿಸರ್ಜನಾ ನಿಯಮ ಕೇಳುವುದೇ ಇಲ್ಲ ಎಂಬುದು ಈ ಲೇಖನದ ವಾದ.

1986ರ ಪರಿಸರ (ಸಂರಕ್ಷಣೆ) ನಿಯಮಗಳ ಆರನೆಯ ಅನುಸೂಚಿಯಲ್ಲಿ ಜೈವಿಕ ಪರೀಕ್ಷೆ ಇದೆ. ಬೇರೆ ನೀರು ಬೆರೆಸಿ ತೆಳುಗೊಳಿಸದ ವಿಸರ್ಜಿತ ನೀರಿನಲ್ಲಿ 96 ಗಂಟೆಗಳ ನಂತರ ಶೇ 90ರಷ್ಟು ಮೀನು ಬದುಕಿರಬೇಕು. ನೀರಿನ ರಾಸಾಯನಿಕ ಅಳತೆಗಳ ಪಕ್ಕದಲ್ಲಿ ಒಂದು ಜೀವಿಯನ್ನೂ ಸಾಕ್ಷಿಗೆ ಕರೆದದ್ದು ಸಣ್ಣ ಮಾತಲ್ಲ. ಆದರೆ ಈ ಪರೀಕ್ಷೆ ಹಿಡಿಯುವುದು ಹಠಾತ್ ಸಾವನ್ನು ಮಾತ್ರ. ಹಠಾತ್ ವಿಷ ಹೇಗೂ ಕಣ್ಣಿಗೆ ಬೀಳುತ್ತದೆ: 2014ರ ನವೆಂಬರ್ ಕೊನೆಯಲ್ಲಿ ಉಲ್ಹಾಸನಗರದಲ್ಲಿ ವಾಲಧುನಿಗೆ ಸುರಿದ ತ್ಯಾಜ್ಯದಿಂದ ಎದ್ದ ಅನಿಲಕ್ಕೆ ನೂರಾರು ಜನ ಆಸ್ಪತ್ರೆ ಸೇರಿದಾಗ ಇಡೀ ಮಹಾರಾಷ್ಟ್ರ ತಿರುಗಿ ನೋಡಿತು. ಮೊಟ್ಟೆ ಇಡುವುದನ್ನು ನಿಲ್ಲಿಸಿದ ಕೆಸರುಹುಳುವನ್ನು ಯಾರೂ ನೋಡುವುದಿಲ್ಲ.

ಕೊಲ್ಲದೆಯೂ ಒಂದು ಸಂತತಿಯನ್ನು ಅಳಿಸಬಹುದು. ಹಡಗಿನ ತಳಕ್ಕೆ ಬಳಿಯುತ್ತಿದ್ದ ಬಣ್ಣದಲ್ಲಿದ್ದ ಟ್ರೈಬ್ಯುಟೈಲ್ ಟಿನ್ ಇದಕ್ಕೆ ಜಗತ್ತೇ ಒಪ್ಪಿದ ಉದಾಹರಣೆ. ಲೀಟರಿಗೆ ಸುಮಾರು ಒಂದು ನ್ಯಾನೊಗ್ರಾಂ ಸಾಕು, ಯುರೋಪಿನ ಕರಾವಳಿಯ ಹೆಣ್ಣು ಶಂಖಹುಳುಗಳಲ್ಲಿ ಗಂಡಿನ ಅಂಗ ಬೆಳೆಯಲು. ತೀವ್ರವಾದಲ್ಲಿ ಮೊಟ್ಟೆಯ ದಾರಿಯೇ ಮುಚ್ಚಿಹೋಗುತ್ತಿತ್ತು. ಫ್ರಾನ್ಸಿನ ಆರ್ಕಾಶೋಂ ಕೊಲ್ಲಿಯಲ್ಲಿ ಸಿಂಪಿ ಕೃಷಿ ಕುಸಿದ ಮೇಲೆ 1982ರಲ್ಲಿ ಆ ದೇಶ ನಿರ್ಬಂಧ ತಂದಿತು. ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬರಲು 2008ರವರೆಗೆ ಕಾಯಬೇಕಾಯಿತು. ಅಷ್ಟು ಸಣ್ಣ ಪ್ರಮಾಣದ ವಿಷವನ್ನು 96 ಗಂಟೆಗಳ ಮೀನಿನ ಪರೀಕ್ಷೆ ಯಾವ ತಕರಾರೂ ಇಲ್ಲದೆ ತೇರ್ಗಡೆ ಮಾಡಿಬಿಡುತ್ತದೆ.

ದೀರ್ಘಕಾಲೀನ ಪರೀಕ್ಷೆಯ ಮಾದರಿ ಹೊಸದೇನಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ (ಒಇಸಿಡಿ) 211ನೇ ಮಾರ್ಗಸೂಚಿಯಲ್ಲಿ ಹುಟ್ಟಿ 24 ಗಂಟೆ ಆಗದ ಡ್ಯಾಫ್ನಿಯಾ ಮ್ಯಾಗ್ನಾ ಎಂಬ ನೀರುಚಿಗಟದ ಮರಿಗಳನ್ನು 21 ದಿನ ಸಾಕಿ, ಅವು ಹಾಕುವ ಮರಿಗಳನ್ನು ಎಣಿಸುತ್ತಾರೆ. ರಾಸಾಯನಿಕ ಬೆರೆಸದ ಪಾತ್ರೆಯಲ್ಲಿ ಬದುಕುಳಿದ ಪ್ರತಿ ತಾಯಿಗೆ ಸರಾಸರಿ 60 ಮರಿ ಆಗದಿದ್ದರೆ ಪರೀಕ್ಷೆಯೇ ಸಿಂಧುವಲ್ಲ. ರಾಸಾಯನಿಕಗಳ ನೋಂದಣಿ ಕುರಿತ ಯುರೋಪಿನ ರೀಚ್ ಕಾನೂನಿನಲ್ಲಿ ವರ್ಷಕ್ಕೆ 100 ಟನ್ ಅಥವಾ ಹೆಚ್ಚು ತಯಾರಾಗುವ ಇಲ್ಲವೇ ಆಮದಾಗುವ ರಾಸಾಯನಿಕಕ್ಕೆ ಅಕಶೇರುಕಗಳ ಮೇಲಿನ ದೀರ್ಘಕಾಲೀನ ವಿಷತ್ವದ ಮಾಹಿತಿ ಕೊಡಬೇಕು. ಅಮೆರಿಕದಲ್ಲಿ ಸೀರಿಯೊಡ್ಯಾಫ್ನಿಯಾ ಡ್ಯುಬಿಯಾ ಎಂಬ ಇನ್ನೊಂದು ನೀರುಚಿಗಟ ಮರಿ ಹಾಕುವುದನ್ನು ಸುಮಾರು ಒಂದು ವಾರ ಗಮನಿಸಿ, ಕಾರ್ಖಾನೆಯ ಒಟ್ಟು ವಿಸರ್ಜಿತ ನೀರನ್ನೇ ಪರೀಕ್ಷಿಸುತ್ತಾರೆ. ಹತ್ತಾರು ಘಟಕಗಳ ನೀರು ಒಂದೇ ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಬರುವ ಡೊಂಬಿವಲಿಗೆ ಅಮೆರಿಕದ ಈ ದಾರಿಯೇ ಹೆಚ್ಚು ಹೊಂದುತ್ತದೆ.

ಆದರೆ ಇವನ್ನು ಹಾಗೇ ತಂದು ಥಾಣೆಯಲ್ಲಿ ಇಳಿಸಲಾಗದು. ಡ್ಯಾಫ್ನಿಯಾ 18ರಿಂದ 22 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರಿನಲ್ಲಿ ಪರೀಕ್ಷೆಗೊಳಗಾಗುವ ಜೀವಿ. ಖಾಡಿಯದು ಬಿಸಿಯಾದ ಚೌಳು ನೀರು; ಬೇಸಿಗೆಯ ಉಪ್ಪು ಮಳೆಗಾಲಕ್ಕೆ ಕುಸಿಯುತ್ತದೆ. ಇನ್ನೂ ದೊಡ್ಡ ಸಂಗತಿ ಕೆಸರಿನದು. ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನ ಉಲ್ಹಾಸ್ ಅಳಿವೆಯ ಕೆಸರಿನಲ್ಲಿ ಪಾದರಸ ಶೇಖರವಾಗಿರುವುದನ್ನು ತೋರಿಸಿತು. ಕೋಲಶೇತ್ ಕಡೆ ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆ ಇದ್ದಲ್ಲಿ ಈಗ ಬಹುಮಹಡಿ ಮನೆಗಳು ಎದ್ದಿವೆ. ಆದರೆ ಕಾರ್ಖಾನೆಯ ಕೊಳವೆ ಮುಚ್ಚಿದ ದಿನವೇ ಕೆಸರು ಶುದ್ಧವಾಗುವುದಿಲ್ಲ. ಕೆಸರಿನಲ್ಲೇ ಆಂಫಿಪಾಡ್ ಎಂಬ ಸೀಗಡಿಯಂಥ ಸಣ್ಣ ಜೀವಿಯನ್ನು 28 ದಿನ ಸಾಕಿ ಬದುಕು, ಬೆಳವಣಿಗೆ, ಸಂತಾನ ಮೂರನ್ನೂ ಅಳೆಯುವ ಚೌಳು ನೀರಿನ ವಿಧಾನವನ್ನು ಅಮೆರಿಕದ ಪರಿಸರ ಸಂಸ್ಥೆ 2001ರಲ್ಲೇ ಪ್ರಕಟಿಸಿದೆ. ವಿಧಾನ ಅವರದಿರಲಿ, ಜೀವಿ ನಮ್ಮ ಖಾಡಿಯದಾಗಿರಬೇಕು: ಇಲ್ಲಿನ ಆಂಫಿಪಾಡ್, ಕೆಸರುಹುಳು, ಚಿಪ್ಪುಜೀವಿ.

ಇಲ್ಲಿ ಒಂದು ಗಂಭೀರ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಖಾಡಿಗೆ ಬೀಳುವ ಹೊಲಸಿನಲ್ಲಿ ಕಾರ್ಖಾನೆಯದಕ್ಕಿಂತ ಮನೆಗಳ ಕೊಳಚೆಯೇ ಹೆಚ್ಚು. ಆಮ್ಲಜನಕದ ಕೊರತೆ, ಅಮೋನಿಯಾ ಇವೇ ಜೀವಿಗಳನ್ನು ಕೊಲ್ಲುತ್ತಿರಬಹುದಲ್ಲ ಎಂದು ಉದ್ಯಮದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದನ್ನು ಬಿಡಿಸುವ ವಿಧಾನವೂ ಇದೆ. ಕೆಸರಿನ ಒಂದು ಪಾಲಿಗೆ ಜಿಯೊಲೈಟ್ ಬೆರೆಸಿದರೆ ಅದು ಅಮೋನಿಯಾವನ್ನು ಹೀರುತ್ತದೆ. ಇನ್ನೊಂದಕ್ಕೆ ಲೋಹ ಹಿಡಿಯುವ ರಾಳ. ಮತ್ತೊಂದಕ್ಕೆ ತೆಂಗಿನ ಚಿಪ್ಪಿನ ಇದ್ದಿಲು, ಅದು ಸಾವಯವ ವಿಷಗಳನ್ನು ಕಟ್ಟಿಹಾಕುತ್ತದೆ. ಎಲ್ಲ ಪಾತ್ರೆಗಳಿಗೂ ಗಾಳಿ ಊದಿ ಆಮ್ಲಜನಕವನ್ನು ಸಮ ಮಾಡಬೇಕು. ಜಿಯೊಲೈಟ್ ಹಾಕಿದಲ್ಲಿ ಜೀವಿ ಚೇತರಿಸಿಕೊಂಡರೆ ಮುಖ್ಯ ಹೊಣೆ ಬಹುಮಟ್ಟಿಗೆ ಕೊಳಚೆಯದು, ನಗರಪಾಲಿಕೆಯದು. ಇದ್ದಿಲು ಹಾಕಿದಲ್ಲಿ ಮಾತ್ರ ಚೇತರಿಸಿಕೊಂಡರೆ ಹುಡುಕಾಟ ಸಾವಯವ ರಾಸಾಯನಿಕಗಳ ಕಡೆಗೆ, ಅವು ಹೊರಟ ಕೊಳವೆಗಳ ಕಡೆಗೆ ತಿರುಗಬೇಕು. ಆರೋಪವನ್ನು ಹೊರಿಸುವುದಕ್ಕೂ ಇಳಿಸುವುದಕ್ಕೂ ಇದಕ್ಕಿಂತ ನಿಷ್ಪಕ್ಷಪಾತವಾದ ಸಾಕ್ಷ್ಯ ನನಗೆ ಕಾಣುವುದಿಲ್ಲ.

ಉಲ್ಹಾಸ್, ವಾಲಧುನಿಗಳ ಮಾಲಿನ್ಯ ಕುರಿತು ವನಶಕ್ತಿ ಎಂಬ ಪರಿಸರ ಸಂಸ್ಥೆ ಹೂಡಿದ ದಾವೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಶುದ್ಧೀಕರಣ ಘಟಕಗಳು ಮತ್ತು ಸ್ಥಳೀಯ ಸಂಸ್ಥೆಗಳಿಗೆ ದಂಡ ವಿಧಿಸಿತು. ದಂಡದ ಮೊತ್ತ ಖಾಡಿಯ ಆರೋಗ್ಯವನ್ನು ಹೇಳುವುದಿಲ್ಲ. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಡೊಂಬಿವಲಿ, ಅಂಬರ್‌ನಾಥ್ ಮತ್ತು ಥಾಣೆ-ಬೇಲಾಪುರದ ಸಾಮೂಹಿಕ ಘಟಕಗಳಿಗೆ ಕೊಡುವ ಒಪ್ಪಿಗೆ ಪತ್ರದಲ್ಲಿ ಎರಡು ಷರತ್ತು ಸೇರಿಸಲಿ: ಮಳೆಗಾಲದ ಮೊದಲು ಮತ್ತು ನಂತರ, ಒಂದು ಸ್ಥಳೀಯ ಅಕಶೇರುಕದ ಮೇಲೆ ಸಂತಾನದ ಪರೀಕ್ಷೆ, ಮತ್ತು ವಿಸರ್ಜನೆಯ ಜಾಗದ ಕೆಸರಿನ 28 ದಿನಗಳ ಪರೀಕ್ಷೆ. ಫಲಿತಾಂಶ ಸಾರ್ವಜನಿಕರ ಕೈಗೆ ಸಿಗಲಿ. ಖಾಡಿಯ ಜೀವಿಗಳನ್ನು ಸಾಕಿ ಪರೀಕ್ಷೆಗೆ ಒದಗಿಸುವ ಕೆಲಸವನ್ನು ಥಾಣೆ, ಕಲ್ಯಾಣ, ಡೊಂಬಿವಲಿಗಳ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.